ರಾಹುಕಾಲ ತಿಳಿಯಲು ಮನೆಯ ವಿಳಾಸವೇಕೆ?

ಹೊರಗೆ ಹೊರಡುವ ಮೊದಲು ನನ್ನ ಅಮ್ಮ ರಾಹುಕಾಲ ನೋಡುತ್ತಾರೆ. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳು ಕಣ್ಣಿಗೆ ಹಿಡಿಯದಾದಾಗ ಅವರ ಮೊಬೈಲಿಗೆ ಒಂದು ಪಂಚಾಂಗದ ಆ್ಯಪ್ ಹಾಕಿಕೊಟ್ಟೆ. ತೆರೆದ ಕೂಡಲೇ ಅದು ಮೊದಲು ಕೇಳಿದ್ದು ಲೊಕೇಶನ್. ಅಮ್ಮ ನನ್ನ ಮುಖ ನೋಡಿದರು. ನಾನು ಒಂದು ಕ್ಷಣವೂ ಯೋಚಿಸದೆ ಅನುಮತಿಯ ಗುಂಡಿ ಒತ್ತಿದೆ.

ಕೇಳಿದ್ದರಲ್ಲಿ ತಪ್ಪಿಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲವನ್ನು ಲೆಕ್ಕ ಹಾಕುತ್ತಾರೆ. ಸೂರ್ಯ ಹುಟ್ಟುವ ಹೊತ್ತು ಊರಿಂದ ಊರಿಗೆ ಬದಲಾಗುತ್ತದೆ. ಮಂಗಳೂರು ಬೆಂಗಳೂರಿಗಿಂತ ಪಶ್ಚಿಮದಲ್ಲಿರುವುದರಿಂದ ಅಲ್ಲಿಯ ಲೆಕ್ಕ ಸುಮಾರು ಹನ್ನೊಂದು ನಿಮಿಷ ಹಿಂದೆ ಬೀಳುತ್ತದೆ. ಆದರೆ ಬೆಂಗಳೂರಿನ ಒಳಗೇ ಕೆಂಗೇರಿಗೂ ವೈಟ್‌ಫೀಲ್ಡಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ನಿಮಿಷ. ಅಂದರೆ ಊರಿನ ಹೆಸರು ಗೊತ್ತಾದರೆ ಪಂಚಾಂಗದ ಕೆಲಸ ಮುಗಿಯಿತು. ಅದು ಪಡೆದುಕೊಂಡದ್ದು ಮಾತ್ರ ‘ನಿಖರ ಸ್ಥಳ’. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ ಎರಡು ಅಂಕಿಯವರೆಗೆ ಬರೆದರೆ ಸುಮಾರು ಒಂದು ಕಿಲೋಮೀಟರ್ ವಿಸ್ತಾರದ ಪ್ರದೇಶ ಸಿಗುತ್ತದೆ. ನಾಲ್ಕು ಅಂಕಿಯವರೆಗೆ ಬರೆದರೆ ಹನ್ನೊಂದು ಮೀಟರ್, ಅಂದರೆ ಒಂದು ಮನೆ. ಆ್ಯಪ್ ಪೂರ್ತಿ ಕನ್ನಡದಲ್ಲಿತ್ತು. ಆ ಮಾಹಿತಿಯನ್ನು ಯಾರ ಜೊತೆ ಹಂಚಿಕೊಳ್ಳುತ್ತೇವೆ ಎಂದು ಹೇಳುವ ಪುಟ ಇಂಗ್ಲಿಷಿನಲ್ಲಿತ್ತು.

ಇದನ್ನು ದೊಡ್ಡದು ಮಾಡುತ್ತಿದ್ದೇನೆ ಎಂದು ಅನ್ನಿಸುವವರಿಗೆ ಇನ್ನೊಂದು ಧರ್ಮದ ಇಂಥದೇ ಆ್ಯಪ್‌ನ ಕಥೆ ಹೇಳಬೇಕು. ‘ಮುಸ್ಲಿಂ ಪ್ರೊ’ ಎಂಬ ಆ್ಯಪ್ ನಮಾಜಿನ ವೇಳೆಯನ್ನೂ ಆಗ ಮುಖ ಮಾಡಬೇಕಾದ ಕಿಬ್ಲಾದ, ಅಂದರೆ ಮೆಕ್ಕಾದ, ದಿಕ್ಕನ್ನೂ ತೋರಿಸುತ್ತದೆ. ಅದಕ್ಕೂ ಊರು ಗೊತ್ತಾಗಬೇಕು. ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿದ್ದ ಈ ಆ್ಯಪ್ ತನ್ನ ಬಳಕೆದಾರರ ಸ್ಥಳ ಮಾಹಿತಿಯನ್ನು ‘ಎಕ್ಸ್-ಮೋಡ್’ ಎಂಬ ಅಮೆರಿಕದ ದಲ್ಲಾಳಿ ಕಂಪನಿಗೆ ಕೊಡುತ್ತಿತ್ತು. ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು. ‘ಮದರ್‌ಬೋರ್ಡ್’ ಎಂಬ ಸುದ್ದಿತಾಣ 2020ರ ನವೆಂಬರ್‌ನಲ್ಲಿ ಇದನ್ನು ಬಯಲಿಗೆಳೆದ ಮೇಲೆ ಆ್ಯಪ್‌ನವರು ಸಂಬಂಧ ಕಡಿದುಕೊಂಡರು. ದೇವರ ಕಡೆಗೆ ಮುಖ ಮಾಡಲು ಕೊಟ್ಟ ಮಾಹಿತಿ ಸೇನೆಯ ಗುತ್ತಿಗೆದಾರರೊಡನೆ ವ್ಯವಹರಿಸುವ ದಲ್ಲಾಳಿಯ ಕೈ ಸೇರಿತ್ತು. ಕೊಟ್ಟವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಸ್ಥಳ ಮಾಹಿತಿಯ ವಿಷಯದಲ್ಲಿ ನನ್ನನ್ನು ಕಾಡುವುದು ಈ ಪ್ರಯಾಣ. ಒಂದು ಕೆಲಸಕ್ಕೆಂದು ಕೊಟ್ಟದ್ದು ಇನ್ನೊಂದು ಕೆಲಸಕ್ಕೆ ಹೋಗುತ್ತದೆ. ಹೋಗುವಾಗ ನೀರಿನಂತೆ ಒಂದೇ ದಿಕ್ಕು ಹಿಡಿಯುತ್ತದೆ: ನೋಡಿಸಿಕೊಳ್ಳುವವರು ಯಾವಾಗಲೂ ಕೆಳಗಿನವರು, ನೋಡುವವರು ಮೇಲಿನವರು.

ಮೊದಲು ಫೋನಿಗೆ ತಾನಿರುವ ಜಾಗ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಮೇಲಿಂದ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ’ ಎಂದು ಓದಿಕೊಂಡವರೂ ಹೇಳುವುದನ್ನು ಕೇಳಿದ್ದೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂಬುದನ್ನು ರೇಡಿಯೊ ಸಂಕೇತದಲ್ಲಿ ಸಾರುತ್ತಿರುತ್ತವೆ, ಅಷ್ಟೇ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ಒಂದೊಂದೂ ಬಂದು ತಲುಪಲು ಹಿಡಿದ ಸಮಯವನ್ನು ಅಳೆದು, ಫೋನೇ ತನ್ನ ಜಾಗದ ಲೆಕ್ಕ ಹಾಕುತ್ತದೆ. ನಮ್ಮ ನಾವಿಕ್ ಉಪಗ್ರಹಗಳ ರೀತಿಯೂ ಇದೇ. ಆಕಾಶವಾಣಿ ಕೇಂದ್ರಕ್ಕೆ ಯಾವ ಮನೆಯಲ್ಲಿ ರೇಡಿಯೊ ಹಾಕಿದ್ದಾರೆಂದು ಹೇಗೆ ಗೊತ್ತಿರುವುದಿಲ್ಲವೋ ಹಾಗೆಯೇ ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಸುಳಿವೂ ಇರುವುದಿಲ್ಲ. ಗುಟ್ಟು ರಟ್ಟು ಮಾಡುವುದು ಕಿಸೆಯಲ್ಲಿರುವ ಫೋನು.

ಅದು ಮೊದಲು ಹೇಳುವುದು ಮೊಬೈಲ್ ಟವರಿಗೆ. ಯಾರಾದರೂ ಕರೆ ಮಾಡಿದರೆ ಎಲ್ಲಿ ರಿಂಗಿಸಬೇಕು ಎಂದು ಕಂಪನಿಗೆ ಗೊತ್ತಿರಬೇಕಲ್ಲ, ಅದಕ್ಕಾಗಿ ಫೋನು ಹತ್ತಿರದ ಟವರುಗಳ ಸಂಪರ್ಕದಲ್ಲಿ ಇದ್ದೇ ಇರುತ್ತದೆ. ಲೊಕೇಶನ್ ಗುಂಡಿ ಆರಿಸಿದರೂ ಇದು ನಿಲ್ಲದು. ಟವರುಗಳು ಒತ್ತೊತ್ತಾಗಿರುವ ನಗರದಲ್ಲಿ ಕೆಲವು ನೂರು ಮೀಟರಿನ ಅಂದಾಜು ಸಿಗುತ್ತದೆ, ಮಲೆನಾಡಿನಂಥ ಕಡೆ ಕೆಲವು ಕಿಲೋಮೀಟರಿನದು. ಪೊಲೀಸ್ ಸುದ್ದಿಗಳಲ್ಲಿ ಬರುವ ‘ಟವರ್ ಲೊಕೇಶನ್’, ‘ಸಿಡಿಆರ್’ ಎಂದರೆ ಇದೇ. ಕರೆ ಮತ್ತು ಇಂಟರ್ನೆಟ್ ಬಳಕೆಯ ಈ ದಾಖಲೆಗಳನ್ನು ಮೊದಲು ಒಂದು ವರ್ಷ ಇಟ್ಟುಕೊಳ್ಳಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿ ಷರತ್ತು ಬದಲಿಸಿ ಕನಿಷ್ಠ ಎರಡು ವರ್ಷ ಎಂದಿತು. ಎರಡು ವರ್ಷದ ಹಿಂದಿನ ಒಂದು ಮಂಗಳವಾರ ನೀವು ಯಾವ ಊರಿನಿಂದ ಯಾರಿಗೆ ಫೋನ್ ಮಾಡಿದಿರಿ ಎಂಬುದು ನಿಮಗೆ ಮರೆತಿರುತ್ತದೆ. ಕಂಪನಿಯ ಕಡತದಲ್ಲಿ ಅದು ಇದೆ.

ಇಂಥ ಕಡತದಲ್ಲಿ ಏನೇನು ಇರುತ್ತದೆ ಎಂಬುದನ್ನು ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್ ತಮ್ಮನ್ನೇ ಒಡ್ಡಿಕೊಂಡು ತೋರಿಸಿದರು. ಕೋರ್ಟಿನ ಮೆಟ್ಟಿಲು ಹತ್ತಿ, ಡಾಯ್ಚ ಟೆಲಿಕಾಂ ಕಂಪನಿಯಿಂದ ತಮ್ಮ ಫೋನಿನ ಆರು ತಿಂಗಳ ದಾಖಲೆ ಪಡೆದರು. 35,000ಕ್ಕೂ ಹೆಚ್ಚು ಸಾಲುಗಳು. 2011ರಲ್ಲಿ ‘ಝೈಟ್’ ಪತ್ರಿಕೆಯ ಜಾಲತಾಣ ಅದನ್ನು ನಕಾಶೆಯ ಮೇಲೆ ಇಟ್ಟಿತು. ಅವರು ರೈಲು ಹತ್ತಿದ್ದು, ಇಳಿದದ್ದು, ಯಾವ ಊರಿನಲ್ಲಿ ರಾತ್ರಿ ಕಳೆದರು, ಎಷ್ಟು ಹೊತ್ತು ಫೋನಿನಲ್ಲಿದ್ದರು, ಯಾವಾಗ ಮಲಗಿದರು, ಎಲ್ಲವೂ ಒಂದು ಚುಕ್ಕೆಯ ಓಡಾಟವಾಗಿ ಕಣ್ಣೆದುರು ಬಂತು. ಅದರಲ್ಲಿ ಅವರು ಆಡಿದ ಒಂದು ಮಾತೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಫೋನು ಸ್ಥಳ ಕಂಡುಕೊಳ್ಳುವ ಇನ್ನೊಂದು ದಾರಿ ವೈ-ಫೈ. ನಿಮ್ಮ ಬೀದಿಯಲ್ಲಿರುವ ಪ್ರತಿ ವೈ-ಫೈ ಪೆಟ್ಟಿಗೆಗೂ ಒಂದು ಗುರುತಿನ ಸಂಖ್ಯೆ ಇದೆ, ಅದು ಯಾವ ಜಾಗದಲ್ಲಿದೆ ಎಂಬ ಪಟ್ಟಿ ಗೂಗಲ್, ಆ್ಯಪಲ್‌ನಂಥ ಕಂಪನಿಗಳ ಬಳಿ ಇದೆ. ಫೋನು ಆ ಪೆಟ್ಟಿಗೆಗೆ ಜೋಡಣೆಯಾಗಬೇಕೆಂದಿಲ್ಲ, ಸಂಕೇತ ಕಿವಿಗೆ ಬಿದ್ದರೆ ಸಾಕು. ಉಪಗ್ರಹದ ಸಂಕೇತ ಸರಿಯಾಗಿ ಬಾರದ ಮಾಲ್‌ನೊಳಗೂ ನಕಾಶೆಯ ನೀಲಿ ಚುಕ್ಕೆ ನಿಮ್ಮನ್ನು ಹಿಡಿದುಬಿಡುವುದು ಹೀಗೆ.

ಗುಂಡಿ ಆರಿಸಿದರೆ ನಿಂತಿತು ಎಂದು ನಂಬುವುದಕ್ಕೂ ಕಷ್ಟವಾಗುವಂತೆ ಕಂಪನಿಗಳು ನಡೆದುಕೊಂಡಿವೆ. 2018ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಒಂದು ತನಿಖಾ ವರದಿ ಪ್ರಕಟಿಸಿತು. ಗೂಗಲ್‌ನ ‘ಸ್ಥಳ ಇತಿಹಾಸ’ವನ್ನು ಆರಿಸಿದ ಮೇಲೂ ಇನ್ನೊಂದು ಸೆಟ್ಟಿಂಗ್‌ನ ಮೂಲಕ ಸ್ಥಳ ದಾಖಲಾಗುತ್ತಲೇ ಇತ್ತು ಎಂಬುದು ಅದರ ಸಾರ. ಅಮೆರಿಕದ 40 ರಾಜ್ಯಗಳು ಪ್ರಶ್ನಿಸಿದವು. 2022ರ ನವೆಂಬರ್‌ನಲ್ಲಿ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಮೇಲೆ ಈ ಇತಿಹಾಸವನ್ನು ತನ್ನ ಸರ್ವರಿನ ಬದಲು ಬಳಕೆದಾರರ ಫೋನಿನಲ್ಲೇ ಇಡುವ ವ್ಯವಸ್ಥೆಗೆ ಬದಲಾಯಿಸಿತು. ಬದಲಾವಣೆ ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಪತ್ರಕರ್ತರು ಕೆದಕಬೇಕಾಯಿತು, ಸರಕಾರಗಳು ಬೆನ್ನು ಹತ್ತಬೇಕಾಯಿತು.

ಸಣ್ಣ ಆ್ಯಪ್‌ಗಳ ಕಥೆ ಇನ್ನೂ ಕೆಟ್ಟದ್ದು, ಏಕೆಂದರೆ ಅವುಗಳ ಬೆನ್ನು ಹತ್ತುವವರೇ ಇಲ್ಲ. ಹವಾಮಾನ ಹೇಳುವ, ಆಟ ಆಡಿಸುವ, ಟಾರ್ಚ್ ಬೆಳಗಿಸುವ ಉಚಿತ ಆ್ಯಪ್ ಬರೆದವರು ಹೊಟ್ಟೆಪಾಡಿಗೆ ಜಾಹೀರಾತು ಸೇರಿಸುತ್ತಾರೆ. ಜಾಹೀರಾತು ಕಂಪನಿ ಕೊಟ್ಟ ತುಂಡು ಪ್ರೋಗ್ರಾಮನ್ನು ತಮ್ಮ ಆ್ಯಪ್‌ಗೆ ಅಂಟಿಸುತ್ತಾರೆ. ನಾವು ಆ್ಯಪ್‌ಗೆ ಕೊಟ್ಟ ಅನುಮತಿಯನ್ನು ಈ ತುಂಡೂ ಬಳಸಿಕೊಳ್ಳುತ್ತದೆ. ಪರದೆಯ ಮೇಲೆ ಜಾಹೀರಾತಿನ ಜಾಗ ಖಾಲಿಯಾದಾಗಲೆಲ್ಲ ಒಂದು ಹರಾಜು ನಡೆಯುತ್ತದೆ. ‘ಈ ಗುರುತಿನ ಫೋನು ಈ ಜಾಗದಲ್ಲಿದೆ, ಎಷ್ಟು ಕೊಡುತ್ತೀರಿ’ ಎಂಬ ಕೂಗು ಹತ್ತಾರು ಕಂಪನಿಗಳಿಗೆ ಹೋಗುತ್ತದೆ, ರೆಪ್ಪೆ ಬಡಿಯುವುದರೊಳಗೆ ವ್ಯವಹಾರ ಮುಗಿಯುತ್ತದೆ. ಗೆದ್ದವರು ಜಾಹೀರಾತು ತೋರಿಸುತ್ತಾರೆ. ಸೋತವರಿಗೂ ಕೂಗು ಕೇಳಿಸಿರುತ್ತದೆ. ಕೇಳಿಸಿಕೊಂಡದ್ದನ್ನು ಕೂಡಿಟ್ಟು ಮಾರುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಟಾರ್ಚ್‌ನ ಮಾತು ಕಲ್ಪನೆಯಲ್ಲ. ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದ ಒಂದು ಟಾರ್ಚ್ ಆ್ಯಪ್ ಬಳಕೆದಾರರ ಸ್ಥಳವನ್ನು ಜಾಹೀರಾತು ಜಾಲಗಳಿಗೆ ಕಳಿಸುತ್ತಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲೇ ಕ್ರಮ ಕೈಗೊಂಡಿತ್ತು.

ಇಷ್ಟು ಹೇಳಿದಾಗ ಕಂಪನಿಗಳ ಉತ್ತರ ಸಿದ್ಧವಾಗಿರುತ್ತದೆ: ಇದರಲ್ಲಿ ಯಾರ ಹೆಸರೂ ಇಲ್ಲ, ಬರಿಯ ಸಂಖ್ಯೆ.

ಈ ಉತ್ತರವನ್ನು ಪರೀಕ್ಷಿಸಿ ನೋಡೋಣ. ಒಂದು ಫೋನು ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಹಾಸನದ ಒಂದು ಅಡ್ಡರಸ್ತೆಯ ಒಂದು ಮನೆಯಲ್ಲಿರುತ್ತದೆ. ಎಂಟೂಕಾಲಕ್ಕೆ ಅರಸೀಕೆರೆಯ ಕಡೆ ಹೊರಡುತ್ತದೆ. ಹತ್ತರಿಂದ ಐದೂವರೆಯವರೆಗೆ ಅಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿರುತ್ತದೆ. ಆ ಮನೆಯಲ್ಲಿ ಮಲಗಿ ಆ ಕಚೇರಿಯಲ್ಲಿ ಕೆಲಸ ಮಾಡುವವರು ಇಡೀ ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ಒಬ್ಬರು, ಬಹಳವೆಂದರೆ ಗಂಡ ಹೆಂಡತಿ ಇಬ್ಬರು. ಬೀದಿಯ ಕೊನೆಯ ಅಂಗಡಿಯವನನ್ನು ಕೇಳಿದರೆ ಹೆಸರು ಸಿಗುತ್ತದೆ. ಯೂರೋಪಿನ ಒಂದು ದೇಶದ 15 ಲಕ್ಷ ಮೊಬೈಲ್ ಬಳಕೆದಾರರ ಹದಿನೈದು ತಿಂಗಳ ಟವರ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಯಲ್ಲಿ ಹೇಳಿತು. ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬುದರ ನಾಲ್ಕೇ ನಾಲ್ಕು ಬಿಂದುಗಳು ಗೊತ್ತಿದ್ದರೆ ನೂರಕ್ಕೆ 95 ಜನರನ್ನು ಉಳಿದೆಲ್ಲರಿಂದ ಬೇರ್ಪಡಿಸಿ ಗುರುತಿಸಬಹುದು. ಮುಖದಂತೆ, ಬೆರಳಚ್ಚಿನಂತೆ, ನಮ್ಮ ಓಡಾಟವೂ ನಮ್ಮೊಬ್ಬರದೇ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನಗೆ ಸಿಕ್ಕ ಇಂಥ ಒಂದು ಕಡತದ ಬಗ್ಗೆ 2019ರ ಡಿಸೆಂಬರ್‌ನಲ್ಲಿ ಬರೆಯಿತು. 1.2 ಕೋಟಿ ಅಮೆರಿಕನ್ನರ ಫೋನುಗಳ 5,000 ಕೋಟಿ ಸ್ಥಳ ಬಿಂದುಗಳು, ಒಂದಕ್ಕೂ ಹೆಸರಿಲ್ಲ. ಪತ್ರಕರ್ತರು ಮನೆ ಮತ್ತು ಕಚೇರಿಯ ಬಿಂದು ಜೋಡಿಸುತ್ತ ಹೋಗಿ ಸೇನಾಧಿಕಾರಿಗಳನ್ನೂ ವಕೀಲರನ್ನೂ ಗುರುತಿಸಿದರು. 2021ರ ಜುಲೈಯಲ್ಲಿ ಅಲ್ಲಿಯ ಒಂದು ಕ್ಯಾಥೋಲಿಕ್ ಸುದ್ದಿ ಪ್ರಕಟಣೆ ಮಾರುಕಟ್ಟೆಯಲ್ಲಿ ಸಿಗುವ ಆ್ಯಪ್ ದತ್ತಾಂಶದ ಬಲದಿಂದ ಒಬ್ಬ ಹಿರಿಯ ಪಾದ್ರಿಯ ಖಾಸಗಿ ಬದುಕನ್ನು ಬೀದಿಗೆ ತಂದಿತು. ಅವರು ಬಿಷಪ್‌ಗಳ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾಗಿದ್ದರು, ರಾಜೀನಾಮೆ ಕೊಟ್ಟು ಹೋದರು. ಅವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಅವರ ಹಿಂದೆ ಯಾವ ಪತ್ತೇದಾರನೂ ತಿರುಗಿರಲಿಲ್ಲ.

‘ನಾನು ತಪ್ಪು ಮಾಡದಿದ್ದ ಮೇಲೆ ನನಗೇನು ಭಯ’ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇಕೆ ಎಂದೂ ಕೇಳುತ್ತಾರೆ. ನನ್ನ ಫೋನಿನಲ್ಲಿರುವ ಓಡಾಟದ ಕಾಲರೇಖೆಯನ್ನು ಒಂದು ಸಂಜೆ ಹಿಂದಕ್ಕೆ ಸರಿಸಿ ನೋಡಿದೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮೂರು ರಾತ್ರಿಗಳು ಅಲ್ಲಿದ್ದವು. ರಕ್ತಪರೀಕ್ಷೆಯ ಪ್ರಯೋಗಾಲಯದ ಮುಂದೆ ನಿಂತ ಹದಿನೆಂಟು ನಿಮಿಷವಿತ್ತು. ಯಾರಿಗೂ ಹೇಳದೆ ಹೋಗಿ ಬಂದ ಒಂದು ಸಂದರ್ಶನವಿತ್ತು. ಜಗಳವಾಡಿದ ಸ್ನೇಹಿತನ ಮನೆಯ ಬೀದಿಯವರೆಗೆ ಹೋಗಿ ವಾಪಸು ಬಂದದ್ದೂ ಇತ್ತು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಯಾವುದನ್ನು ಯಾರಿಗೆ ಯಾವಾಗ ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ನನ್ನದು. ಆ ಹಕ್ಕಿಗೇ ಖಾಸಗಿತನ ಎನ್ನುವುದು.

ಭಾರತದಲ್ಲಿ ಆ ಹಕ್ಕನ್ನು ಸಂವಿಧಾನದ ಹಕ್ಕಾಗಿಸಿದ ಪ್ರಕರಣಕ್ಕೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತರ ಪ್ರಾಯ ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಇದು ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಾದ ಸಂಗತಿ.

ಹಕ್ಕಿನ ಬೆನ್ನಿಗೆ ಬರಬೇಕಿದ್ದ ಕಾನೂನು ತಡವಾಗಿ ಬಂತು, ಅಲ್ಲಲ್ಲಿ ತೂತುಗಳೊಂದಿಗೆ ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟರು. ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ: ಒಂದು ಉದ್ದೇಶಕ್ಕೆ ಪಡೆದ ಸಮ್ಮತಿ ಆ ಉದ್ದೇಶಕ್ಕೆ ಬೇಕಾದಷ್ಟಕ್ಕೇ ಸೀಮಿತ, ಕೊಟ್ಟ ಸಮ್ಮತಿಯನ್ನು ಹಿಂಪಡೆಯಬಹುದು, ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು ಎಂಬ ಮಾತೂ ಅದರಲ್ಲಿದೆ. ಅಮ್ಮನ ಪಂಚಾಂಗದ ಆ್ಯಪ್ ಕನ್ನಡದಲ್ಲಿ ರಾಹುಕಾಲ ಹೇಳಬಲ್ಲದಾದರೆ, ಲೊಕೇಶನ್ ಏಕೆ ಬೇಕು ಎಂಬುದನ್ನೂ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಕನ್ನಡಿಗರು ಇದನ್ನು ಪಟ್ಟು ಹಿಡಿದು ಕೇಳಬೇಕು.

ತೂತುಗಳನ್ನೂ ಹೇಳಬೇಕು. ಆರೋಗ್ಯ, ಹಣಕಾಸು, ಸ್ಥಳದಂಥ ಸೂಕ್ಷ್ಮ ಮಾಹಿತಿಗೆ ಈ ಕಾಯ್ದೆ ಪ್ರತ್ಯೇಕ ರಕ್ಷಣೆ ಕೊಡುವುದಿಲ್ಲ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರಕಾರ ಇಟ್ಟುಕೊಂಡಿದೆ. ಜನರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ತೂತು ಏಳನೆಯ ಸೆಕ್ಷನ್ನಿನಲ್ಲಿದೆ. ಉದ್ಯೋಗದ ಉದ್ದೇಶಕ್ಕಾದರೆ, ಮಾಲೀಕರಿಗೆ ನಷ್ಟವಾಗದಂತೆ ತಡೆಯಲಾದರೆ, ನೌಕರರ ಸಮ್ಮತಿ ಇಲ್ಲದೆಯೂ ಅವರ ಮಾಹಿತಿ ಬಳಸಬಹುದು. ಈ ಒಂದು ಸಾಲು ಎಷ್ಟು ಜನರ ದಿನಚರಿಯನ್ನು ಮುಟ್ಟುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಸರಕಾರದ ಹಸಿವು ಕಡಿಮೆಯಾಗಿಲ್ಲ. ಎಲ್ಲ ಸ್ಮಾರ್ಟ್‌ಫೋನುಗಳಲ್ಲಿ ಉಪಗ್ರಹ ಆಧಾರಿತ ನಿಖರ ಸ್ಥಳ ಸದಾ ಚಾಲನೆಯಲ್ಲಿರಬೇಕು, ಬಳಕೆದಾರರು ಅದನ್ನು ಆರಿಸುವಂತಿರಬಾರದು ಎಂಬ ಟೆಲಿಕಾಂ ಕಂಪನಿಗಳ ಪ್ರಸ್ತಾವವನ್ನು ಕೇಂದ್ರ ಪರಿಶೀಲಿಸುತ್ತಿದೆ ಎಂದು 2025ರ ಡಿಸೆಂಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಟವರಿನ ಅಂದಾಜು ತನಿಖೆಗೆ ಸಾಲದು, ಮೀಟರಿನ ಲೆಕ್ಕದಲ್ಲಿ ಬೇಕು ಎಂಬುದು ವಾದ. ಕಂಪನಿ ನಿಮ್ಮ ಸ್ಥಳ ನೋಡುತ್ತಿದೆ ಎಂದು ಫೋನಿನಲ್ಲಿ ಮೂಡುವ ಎಚ್ಚರಿಕೆಯನ್ನೂ ತೆಗೆಯಬೇಕೆಂದು ಅವು ಕೇಳಿದ್ದವು. ಆ್ಯಪಲ್, ಗೂಗಲ್, ಸ್ಯಾಮ್‌ಸಂಗ್ ವಿರೋಧಿಸಿದ್ದವು, ವರದಿಯ ಹೊತ್ತಿಗೆ ತೀರ್ಮಾನವಾಗಿರಲಿಲ್ಲ. ಅದೇ ವಾರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಿರಬೇಕೆಂಬ ಆದೇಶ ಸುದ್ದಿಯಾಗಿ, ಗದ್ದಲವಾಗಿ, ವಾಪಸಾಗಿತ್ತು. ಗದ್ದಲ ಮಾಡಿದ್ದರಿಂದ ವಾಪಸಾಯಿತು ಎಂಬುದನ್ನು ನೆನಪಿಟ್ಟುಕೊಳ್ಳೋಣ.

ನಾನು ಲೊಕೇಶನ್‌ನ ಶತ್ರುವಲ್ಲ. ಅಪಾಯದಲ್ಲಿರುವ ಹೆಣ್ಣುಮಗಳು 112 ಒತ್ತಿದಾಗ ಅವಳಿರುವ ಜಾಗ ಕೂಡಲೇ ಗೊತ್ತಾಗಬೇಕು. ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಮತ್ತು ಜಿಪಿಎಸ್ ಕಡ್ಡಾಯ ಮಾಡಿದ 2016ರ ನಿಯಮವನ್ನು ನಾನು ಮೆಚ್ಚುತ್ತೇನೆ. ಅಲ್ಲಿ ಗುಂಡಿ ಒತ್ತುವವಳು ಅವಳು, ಒತ್ತಿದ ಕ್ಷಣಕ್ಕೆ ಮಾತ್ರ. ಕಳ್ಳನನ್ನು ಹಿಡಿಯಲು ನ್ಯಾಯಾಧೀಶರ ಅಪ್ಪಣೆ ಪಡೆದು ಅವನೊಬ್ಬನ ದಾಖಲೆ ತರಿಸುವುದೂ ಬೇರೆ, ಯಾವತ್ತಾದರೂ ಬೇಕಾದೀತೆಂದು ನೂರು ಕೋಟಿ ಜನರ ಹೆಜ್ಜೆಯನ್ನು ಈಗಿನಿಂದಲೇ ಬರೆದಿಡುವುದೂ ಬೇರೆ. ಅಮೆರಿಕದ ಸುಪ್ರೀಂ ಕೋರ್ಟು 2018ರ ಕಾರ್ಪೆಂಟರ್ ಪ್ರಕರಣದಲ್ಲಿ, 127 ದಿನಗಳ 12,898 ಟವರ್ ಬಿಂದುಗಳನ್ನು ವಾರಂಟ್ ಇಲ್ಲದೆ ಪಡೆದದ್ದು ತಪ್ಪು ಎಂದು ಈ ಗೆರೆಯನ್ನು ಎಳೆಯಿತು. ನಮ್ಮಲ್ಲಿ ಪೊಲೀಸರು ಸಿಡಿಆರ್ ಪಡೆಯಲು ಹಿರಿಯ ಅಧಿಕಾರಿಯ ಪತ್ರವೇ ಸಾಕಾಗುತ್ತದೆ.

ನಮ್ಮ ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ಜಾಮೀನು ಸಿಕ್ಕ ಆರೋಪಿ ಗೂಗಲ್ ನಕಾಶೆಯಲ್ಲಿ ತಾನಿರುವ ಜಾಗದ ಪಿನ್ ಹಾಕಿ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಎಂಬ ಷರತ್ತನ್ನು 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಜಾಮೀನಿನ ಮೇಲೆ ಹೊರಗಿರುವವನ ಪ್ರತಿ ಹೆಜ್ಜೆಯ ಮೇಲೂ ಪೊಲೀಸರು ಕಣ್ಣಿಡುವಂತೆ ಮಾಡುವ ಷರತ್ತು ಬದುಕು ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೆಯ ವಿಧಿಗೆ ವಿರುದ್ಧ ಎಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಹೇಳಿದರು. ಅದಕ್ಕೂ ಮೊದಲು, 2022ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು ಒಂದು ಗಂಡ ಹೆಂಡಿರ ಜಗಳದಲ್ಲಿ ತೀರ್ಪು ಕೊಟ್ಟಿತು. ಹೆಂಡತಿಗೆ ಇನ್ನೊಬ್ಬನೊಡನೆ ಸಂಬಂಧವಿದೆ ಎಂದು ಸಾಧಿಸಲು ಗಂಡ ಆ ಮೂರನೆಯ ವ್ಯಕ್ತಿಯ ಟವರ್ ದಾಖಲೆ ಕೇಳಿದ್ದ, ಕೌಟುಂಬಿಕ ನ್ಯಾಯಾಲಯ ತರಿಸಲು ಒಪ್ಪಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಆದೇಶವನ್ನು ರದ್ದು ಮಾಡಿದರು. ಗಂಡನ ಅನುಮಾನ ಇನ್ನೊಬ್ಬರ ಓಡಾಟದ ದಾಖಲೆಗೆ ಬೀಗದ ಕೈ ಆಗಲಾರದು. ಕೋರ್ಟಿಗೆ ಬಾರದೆ ನಾಲ್ಕು ಗೋಡೆಯೊಳಗೇ ‘ಲೈವ್ ಲೊಕೇಶನ್ ಕಳಿಸು’ ಎಂದು ಹೆಂಡತಿಯನ್ನು ಗದರುವ ಗಂಡಂದಿರ ಮನೆಗೆ ಯಾವ ತೀರ್ಪೂ ತಲುಪುವುದಿಲ್ಲ.

ಸಾಲದ ಆ್ಯಪ್‌ಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ಗಟ್ಟಿ ಹೆಜ್ಜೆ ಇಟ್ಟಿತು: ಗ್ರಾಹಕರನ್ನು ಸೇರಿಸಿಕೊಳ್ಳುವ ಹೊತ್ತಿನಲ್ಲಿ, ಅವರ ಸ್ಪಷ್ಟ ಒಪ್ಪಿಗೆಯೊಂದಿಗೆ, ಒಮ್ಮೆ ಮಾತ್ರ ಲೊಕೇಶನ್ ಪಡೆಯಬಹುದು. ‘ಒಮ್ಮೆ ಮಾತ್ರ’ ಎಂಬ ಈ ಎರಡು ಪದ ಸಾಲಕ್ಕೆ ಅನ್ವಯಿಸುವುದಾದರೆ ಬೇರೆ ಕಡೆ ಏಕೆ ಅನ್ವಯಿಸಬಾರದು?

ಕೋವಿಡ್‌ನ ಮೊದಲ ವಾರಗಳು ನೆನಪಿದ್ದರೆ ಈ ಪ್ರಶ್ನೆ ಕನ್ನಡ ನೆಲದಲ್ಲೇ ಎದ್ದಿತ್ತೆಂಬುದೂ ನೆನಪಾದೀತು. 2020ರ ಮಾರ್ಚ್‌ನಲ್ಲಿ ಗೃಹ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ‘ಕ್ವಾರಂಟೈನ್ ವಾಚ್’ ಆ್ಯಪ್‌ಗೆ ಹಾಕಬೇಕೆಂದು ರಾಜ್ಯ ಸರಕಾರ ಹೇಳಿತ್ತು. ಚಿತ್ರದ ಜೊತೆ ಸ್ಥಳವೂ ಹೋಗುತ್ತಿತ್ತು. ಅವರ ಮನೆ ವಿಳಾಸಗಳ ಪಟ್ಟಿಯನ್ನೂ ಸರಕಾರ ಪ್ರಕಟಿಸಿತ್ತು. ಸೋಂಕಿನ ಭಯದಲ್ಲಿ ನಾವೆಲ್ಲ ಒಪ್ಪಿಕೊಂಡೆವು, ನಾನೂ ಒಪ್ಪಿಕೊಂಡೆ. ಆ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಬೀದಿ ಬೀದಿ ತಿರುಗಿದಾಗ ಆ ಮನೆಯವರಿಗೆ ಏನಾಯಿತೆಂದು ಕೇಳಲಿಲ್ಲ.

ತುರ್ತು ಮುಗಿದ ಮೇಲೂ ಅಭ್ಯಾಸ ಉಳಿಯುತ್ತದೆ, ಮತ್ತು ಅದು ದುಡಿಯುವವರ ಹೆಗಲೇರುತ್ತದೆ. ಉದ್ಯೋಗ ಖಾತರಿಯ ಕೂಲಿಕಾರರು ದಿನಕ್ಕೆರಡು ಸಲ ಸ್ಥಳದ ಗುರುತಿನೊಂದಿಗೆ ಫೋಟೊಗೆ ನಿಲ್ಲಬೇಕೆಂಬ ಎನ್‌ಎಂಎಂಎಸ್ ಎಂಬ ಹಾಜರಿಯ ಆ್ಯಪ್ 2023ರ ಜನವರಿ 1ರಿಂದ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕಡೆ ಹಾರೆ ಹಿಡಿದವರು ಕೂಲಿ ಕಳೆದುಕೊಂಡರು. ಬೆಂಗಳೂರಿನಲ್ಲಿ ಊಟ ತರಿಸಿಕೊಳ್ಳುವಾಗ ನನ್ನ ಪರದೆಯ ಮೇಲೆ ಒಂದು ಪುಟ್ಟ ಸ್ಕೂಟರ್ ಹರಿದಾಡುತ್ತದೆ. ಮಳೆಯಲ್ಲಿ ಆ ಸ್ಕೂಟರ್ ಒಂದು ಫ್ಲೈಓವರ್ ಕೆಳಗೆ ನಿಂತದ್ದನ್ನು ನಾನು ನೋಡಿದ್ದೇನೆ, ‘ಏಕೆ ನಿಂತಿದ್ದಾನೆ’ ಎಂದು ಅಸಹನೆಯಿಂದ ಗೊಣಗಿದ್ದೇನೆ. ನನ್ನನ್ನು ಯಾರೂ ಹಾಗೆ ನೋಡಬಾರದು ಎನ್ನುವ ನಾನೇ ಇನ್ನೊಬ್ಬನನ್ನು ಹಾಗೆ ನೋಡಿದೆ. ಇಂಥ ಆ್ಯಪ್‌ಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯದ ಕಾಯ್ದೆ 2025ರಲ್ಲಿ ಬಂದಿದೆ. ಕಾರ್ಮಿಕರ ಮೇಲೆ ನಿಗಾ ಇಡುವ ಸ್ವಯಂಚಾಲಿತ ವ್ಯವಸ್ಥೆಗಳ ವಿವರವನ್ನು ಕಂಪನಿಗಳು ಅವರಿಗೆ ತಿಳಿಸಬೇಕು ಎಂಬುದು ಅದರಲ್ಲಿದೆ. ಸ್ಥಳ ಮಾಹಿತಿ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಈ ಬಾಗಿಲಿನಿಂದಲೇ ಕೇಳಬೇಕು.

ನಮ್ಮ ಕೈಯಲ್ಲಿ ಆಗುವುದು ಸ್ವಲ್ಪವಿದೆ, ಅದನ್ನು ಮಾಡಬೇಕು. ಈಗಿನ ಫೋನುಗಳಲ್ಲಿ ಪ್ರತಿ ಆ್ಯಪ್‌ಗೂ ‘ನಿಖರ ಸ್ಥಳ’ದ ಬದಲು ‘ಅಂದಾಜು ಸ್ಥಳ’ ಕೊಡಬಹುದು. ಹವಾಮಾನಕ್ಕೂ ಪಂಚಾಂಗಕ್ಕೂ ಅದು ಧಾರಾಳವಾಯಿತು. ‘ಬಳಸುವಾಗ ಮಾತ್ರ’ ಎಂಬ ಆಯ್ಕೆ ಇದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್‌ನಲ್ಲಿ ಜಾಹೀರಾತಿನ ಗುರುತು ಸಂಖ್ಯೆಯನ್ನು ಅಳಿಸಬಹುದು, ಐಫೋನಿನಲ್ಲಿ ಆ್ಯಪ್‌ಗಳು ಹಿಂಬಾಲಿಸದಂತೆ ಹೇಳಬಹುದು. ಅಮ್ಮನ ಫೋನಿನಲ್ಲಿ ಕುಳಿತು ಇಷ್ಟನ್ನೂ ಮಾಡಲು ಹಿಡಿದದ್ದು ಇಪ್ಪತ್ತು ನಿಮಿಷ. ಪಂಚಾಂಗದ ಆ್ಯಪ್‌ಗೆ ಅನುಮತಿ ತೆಗೆದು ಊರಿನ ಹೆಸರು ಟೈಪ್ ಮಾಡಿದೆ. ರಾಹುಕಾಲದಲ್ಲಿ ಒಂದು ನಿಮಿಷವೂ ವ್ಯತ್ಯಾಸವಾಗಲಿಲ್ಲ.

ಆದರೆ ‘ಬೇಡ’ ಎನ್ನುವ ಗುಂಡಿ ಇರುವವರ ಮಾತಾಯಿತು ಇದು. ಏಳನೆಯ ಸೆಕ್ಷನ್ನಿನ ಆ ಸಾಲು ಮುಟ್ಟುವುದು ಗುಂಡಿ ಇಲ್ಲದವರನ್ನು. ನನ್ನ ಪರಿಚಯದ ಒಬ್ಬರು ದಾವಣಗೆರೆಯಲ್ಲಿ ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿ. ಯಾವ ವೈದ್ಯರನ್ನು ಎಷ್ಟು ಹೊತ್ತಿಗೆ ಕಂಡರು ಎಂಬುದನ್ನು ದಾಖಲಿಸುವ ಆ್ಯಪ್ ಅವರ ಕಚೇರಿಯ ಫೋನಿನಲ್ಲಿದೆ. ಅದಕ್ಕೆ ಲೊಕೇಶನ್ ಸದಾ ಕಾಲ ಬೇಕು, ಆರಿಸಿದರೆ ಆ ದಿನ ಗೈರುಹಾಜರಿ. ಒಂದು ಭಾನುವಾರ ಹರಿಹರದಲ್ಲಿ ಮಾವನ ಮನೆಗೆ ಹೋಗಿ ಬಂದದ್ದನ್ನು ಮೇಲಧಿಕಾರಿ ಸೋಮವಾರ ನಗುತ್ತಲೇ ಪ್ರಸ್ತಾಪಿಸಿದರಂತೆ. ಮುಂದಿನ ವಾರ ಇವರು ಆ ಫೋನನ್ನು ಮನೆಯ ಮೇಜಿನ ಮೇಲೆ ಚಾರ್ಜಿಗೆ ಹಾಕಿ, ಹೆಂಡತಿ ಮಕ್ಕಳೊಡನೆ ಸಂತೆಬೆನ್ನೂರಿನ ಪುಷ್ಕರಣಿ ನೋಡಲು ಹೋದರು. ಸೋಮವಾರ ಬೆಳಿಗ್ಗೆ ಮತ್ತೆ ಕರೆ ಬಂತು: ‘ನಿನ್ನೆಯೆಲ್ಲ ಫೋನು ಒಂದೇ ಕಡೆ ಇತ್ತಲ್ಲ, ಆರೋಗ್ಯ ಸರಿಯಿಲ್ಲವೇ?’